ಡಿ.ಫಾರ್ಮ್ ಮುಗೀತು: ಅಂಗಡಿಗೆ ಹೋದರೆ 12 ಸಾವಿರ, ಸರ್ಟಿಫಿಕೇಟ್ ಮಾತ್ರ ಕೊಟ್ಟರೆ 5 ಸಾವಿರ. ಏನು ಮಾಡ್ಲಿ?

ಸುಂಟಿಕೊಪ್ಪ_ಡಿಫಾರ್ಮ್
ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಡಿ.ಫಾರ್ಮ್ (ಎರಡು ವರ್ಷದ ಫಾರ್ಮಸಿ ಡಿಪ್ಲೊಮಾ) ಮುಗಿಸಿ, ಆಸ್ಪತ್ರೆಯ 500 ಗಂಟೆ ಟ್ರೈನಿಂಗೂ ಮುಗಿಸಿ, ಫಾರ್ಮಸಿ ಕೌನ್ಸಿಲ್ ರಿಜಿಸ್ಟ್ರೇಷನ್ ಕೈಗೆ ಬಂದಿದೆ. ಮನೆ ಸುಂಟಿಕೊಪ್ಪದ ಹತ್ತಿರ, ಮೇನ್ ರೋಡಿಂದ ಒಳಗೆ. ಈಗ ಎರಡು ಕಡೆಯಿಂದ ಕರೆದಿದ್ದಾರೆ.

ಒಂದು ಕುಶಾಲನಗರದ ಮೆಡಿಕಲ್ ಶಾಪ್. ಬೆಳಗ್ಗೆ 9ರಿಂದ ರಾತ್ರಿ 8, ಭಾನುವಾರ ಅರ್ಧ ದಿನ, ಸಂಬಳ 12 ಸಾವಿರ. ಪಿಎಫ್ ಇದೆಯಾ ಅಂತ ಕೇಳಿದ್ದಕ್ಕೆ "ಮೊದಲು ಕೆಲಸ ಕಲಿ, ಆಮೇಲೆ ನೋಡೋಣಮ್ಮ" ಅಂದರು. ಇನ್ನೊಂದು ಅಂಗಡಿಯವರು ನಾನು ಬರೋದೇ ಬೇಡ ಅಂತಾರೆ. ಸರ್ಟಿಫಿಕೇಟ್ ಗೋಡೆಗೆ ಹಾಕ್ತಾರಂತೆ, ಇನ್ಸ್‌ಪೆಕ್ಟರ್ ಬರೋ ಸುದ್ದಿ ಸಿಕ್ಕಿದ ದಿನ ಫೋನ್ ಮಾಡ್ತಾರಂತೆ, ಬಿಳಿ ಕೋಟು ಹಾಕ್ಕೊಂಡು ಕೂತರೆ ಸಾಕಂತೆ. ತಿಂಗಳಿಗೆ 5 ಸಾವಿರ.

ಅಪ್ಪ 5 ಸಾವಿರಕ್ಕೆ ಒಪ್ಕೊಂಡು ಮನೇಲೇ ಸರ್ಕಾರಿ ಕೆಲಸಕ್ಕೆ ಓದು ಅಂತಿದ್ದಾರೆ. 12ರಲ್ಲಿ ಬಸ್ಸು, ಮಧ್ಯಾಹ್ನದ ಊಟ ಕಳೆದರೆ ಕೈಗೆ ಏನು ಉಳಿಯುತ್ತೆ ಅನ್ನೋದು ಅವರ ಲೆಕ್ಕ. ಈ ಫೀಲ್ಡಲ್ಲಿ ಇರೋರು ಹೇಳಿ, ಇದರಲ್ಲಿ ಮುಂದೆ ಏನಾದ್ರೂ ಇದೆಯಾ, ಇಲ್ಲ ಎರಡು ವರ್ಷ ಸುಮ್ನೆ ಹೋಯ್ತಾ?

ಶನಿವಾರಸಂತೆ_ಸೀನ
12 ಸಾವಿರಾನಾ?! ಕಾಫಿ ಕುಯ್ಯೋರು ಸೀಸನ್ನಲ್ಲಿ ಇದಕ್ಕಿಂತ ಜಾಸ್ತಿ ಎಣಿಸ್ತಾರೆ.

ಕಾಫಿ_ಕಣ
ಸೀಸನ್ ಅಂದ್ರೆ ಡಿಸೆಂಬರ್‌ನಿಂದ ಮೂರು ತಿಂಗಳು ಸ್ವಾಮಿ. ಉಳಿದ ತಿಂಗಳು ಅವರೇನು ತಿಂತಾರೆ ಅಂತ ಯಾರೂ ಕೇಳೋದಿಲ್ಲ. ಸಂಬಳದ ವಿಷಯ ಬಂದ ಕೂಡಲೇ ಕೂಲಿಯವರನ್ನ ತಂದು ನಿಲ್ಲಿಸೋದು ಒಂದು ಚಾಳಿ ಆಗಿಬಿಟ್ಟಿದೆ.

ಕೌಂಟರ್_ಹಿಂದಿನವ
ತಂಗಿ, ನಾನು ವಿರಾಜಪೇಟೆ ಕಡೆಯವನು, ಡಿ.ಫಾರ್ಮ್ ಮಾಡಿ ಕೌಂಟರ್‌ನಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡವನು. ನಿನಗೆ ಬಂದ ಎರಡೂ ಆಫರ್ ಪಕ್ಕಪಕ್ಕ ಇಟ್ಟು ನೋಡು. ಕಾಗದಕ್ಕೆ 5. ಕಾಗದದ ಜೊತೆ ಮನುಷ್ಯಳೂ ಬಂದರೆ 12. ಹಾಗಾದರೆ ದಿನಕ್ಕೆ ಹನ್ನೊಂದು ಗಂಟೆ ನಿಂತು, ಚೀಟಿ ಓದಿ, ಔಷಧಿ ಕೊಡೋ ಕೆಲಸಕ್ಕೆ ಅವರು ಕಟ್ಟಿದ ಬೆಲೆ ಎಷ್ಟಾಯ್ತು? 7 ಸಾವಿರ. ಅದೇ ಅಂಗಡೀಲಿ ಡಬ್ಬ ಇಳಿಸೋ ಹುಡುಗನಿಗೆ 9 ಕೊಡ್ತಿರ್ತಾರೆ, ಬೇಕಾದ್ರೆ ವಿಚಾರಿಸು.

ನಮ್ಮ ಸಂಬಳ ಮೇಲೇಳದೇ ಇರೋದಕ್ಕೆ ಎಲ್ಲರೂ ನೂರು ಕಾರಣ ಹೇಳ್ತಾರೆ. ಕಾಲೇಜು ಜಾಸ್ತಿ ಆಯ್ತು, ಆನ್‌ಲೈನ್ ಬಂತು, ಅಂತೆಲ್ಲ. ನನ್ನ ಪ್ರಕಾರ ಇರೋದು ಒಂದೇ: 5 ಸಾವಿರಕ್ಕೆ ಸರ್ಟಿಫಿಕೇಟ್ ಬಾಡಿಗೆಗೆ ಸಿಗೋ ತನಕ ಯಾವ ಮಾಲೀಕನೂ 20 ಕೊಡೋದಿಲ್ಲ. ನೀನು ಬಾಡಿಗೆಗೆ ಕೊಟ್ಟರೆ ನಿನ್ನ ಹಿಂದೆ ಬರೋ ಹುಡುಗೀರ ಸಂಬಳಕ್ಕೂ ಕತ್ತರಿ.

ಕಾನೂನು ಗೊತ್ತಿರಲಿ ಅಂತ ಹೇಳ್ತೀನಿ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ ಚೀಟಿಗೆ ಔಷಧಿ ಕೊಡೋದು ರಿಜಿಸ್ಟರ್ಡ್ ಫಾರ್ಮಸಿಸ್ಟೇ ಆಗಬೇಕು. ಡ್ರಗ್ಸ್ ರೂಲ್ಸ್ 65ರಲ್ಲಿ ಅವರ ಖುದ್ದು ಮೇಲ್ವಿಚಾರಣೆ ಇರಬೇಕು ಅಂತ ಸ್ಪಷ್ಟವಾಗಿದೆ. ನೀನು ಮನೇಲಿ ಮಲಗಿದ್ದಾಗ ಅಲ್ಲಿನ ಹುಡುಗ ಸಕ್ಕರೆ ಕಾಯಿಲೆಯವರಿಗೆ ತಪ್ಪು ಮಾತ್ರೆ ಕೊಟ್ಟ ಅಂತಿಟ್ಕೊ. ಲೈಸೆನ್ಸ್ ಮೇಲೆ ಇರೋ ಹೆಸರು ಯಾರದ್ದು?

ಅಂಗಡಿ_ಯಜಮಾನ
ಮಾಲೀಕರನ್ನ ಬೈಯೋದು ಸುಲಭ. ಗೋಣಿಕೊಪ್ಪ ಕಡೆ ಸಣ್ಣ ಮೆಡಿಕಲ್ ನನ್ನದು, ಲೆಕ್ಕ ಇಲ್ಲೇ ಇಡ್ತೀನಿ, ನೀವೇ ಕೂಡಿಸಿ ಕಳೀರಿ. ದಿನದ ವ್ಯಾಪಾರ ಸುಮಾರು 8 ಸಾವಿರ, ತಿಂಗಳಿಗೆ 2 ಲಕ್ಷ 40 ಸಾವಿರ. ಮಾರ್ಜಿನ್ ಸರಾಸರಿ 18% ಹಿಡಿದರೆ 43 ಸಾವಿರ. ಬಾಡಿಗೆ 9, ಕರೆಂಟು ಇನ್ವರ್ಟರ್ ಬಿಲ್ಲಿಂಗ್ ಸಾಫ್ಟ್‌ವೇರ್ ಸೇರಿ ಮೂರೂವರೆ, ಹುಡುಗನಿಗೆ 9, ಎಕ್ಸ್‌ಪೈರಿ ಆಗಿ ವಾಪಸ್ ಹೋಗದೆ ಉಳಿಯೋ ಮಾಲು 2. ಉಳಿದದ್ದು ಹತ್ತೊಂಬತ್ತೂವರೆ. ಅದರಲ್ಲಿ ಫಾರ್ಮಸಿಸ್ಟ್‌ಗೆ 12 ಕೊಟ್ಟರೆ ನನಗೆ ಏಳೂವರೆ. ಬಂಡವಾಳ ಹಾಕಿದವನಿಗೆ ಏಳೂವರೆ!

ಮೇಲಿಂದ ಬೆಂಗಳೂರಲ್ಲಿರೋ ಮಕ್ಕಳು ಆಪ್‌ನಲ್ಲಿ 20% ಡಿಸ್ಕೌಂಟ್‌ಗೆ ಅಪ್ಪ ಅಮ್ಮನ ಮೂರು ತಿಂಗಳ ಮಾತ್ರೆ ಆರ್ಡರ್ ಮಾಡಿ ಮನೆಗೇ ಕಳಿಸ್ತಾರೆ. ರಾತ್ರಿ ಜ್ವರ ಬಂದಾಗ ಮಾತ್ರ ನನ್ನ ಶಟರ್ ಬಡೀತಾರೆ.

ಮೈಸೂರು_ಬಿಫಾರ್ಮ್
ಯಜಮಾನ್ರೇ, 18% ಸರಾಸರಿ ಅನ್ನೋದಕ್ಕೆ ಒಂದು ತಿದ್ದುಪಡಿ. ಸರ್ಕಾರ ಬೆಲೆ ನಿಗದಿ ಮಾಡಿದ ಔಷಧಿಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದಲ್ಲಿ ರೀಟೇಲರ್‌ಗೆ 16% ಇದೆ. ಅದು ನೀವು ಕೊಳ್ಳೋ ದರದ ಮೇಲೆ. ಮಾರೋ ಬೆಲೆ ಮೇಲೆ ಲೆಕ್ಕ ಹಾಕಿದರೆ 13.8 ಅಷ್ಟೇ ಬರೋದು. ಉಳಿದವಕ್ಕೆ ವಾಡಿಕೆಯ 20. ಅಲ್ಲಿಗೆ ನಿಮ್ಮ ಪರಿಸ್ಥಿತಿ ನೀವು ಹೇಳಿದ್ದಕ್ಕಿಂತ ಸ್ವಲ್ಪ ಕೆಟ್ಟದ್ದೇ ಇರಬೇಕು.

ಆದ್ರೆ ಜೆನೆರಿಕ್ (ದೊಡ್ಡ ಬ್ರ್ಯಾಂಡ್ ಇಲ್ಲದ ಅಗ್ಗದ ಔಷಧಿ) ವಿಷಯ ನೀವು ಬರೀಲೇ ಇಲ್ಲವಲ್ಲ? ಎಂಆರ್‌ಪಿ 100 ಅಂತ ಅಚ್ಚಾದ ಸ್ಟ್ರಿಪ್ ನಿಮ್ಮ ಕೈಗೆ ಎಷ್ಟಕ್ಕೆ ಬರುತ್ತೆ, ಅದನ್ನೂ ಇಲ್ಲಿ ಹಾಕಿ.

ಶನಿವಾರಸಂತೆ_ಸೀನ
ಹಾಕಿ ಹಾಕಿ, ಕಾಯ್ತಾ ಇದ್ದೀವಿ.

ಅಂಗಡಿ_ಯಜಮಾನ
ಜೆನೆರಿಕ್ ನಮ್ಮಲ್ಲಿ ಬಹಳ ಕಮ್ಮಿ ಹೋಗೋದು. ಡಾಕ್ಟ್ರು ಬರೆದ ಬ್ರ್ಯಾಂಡೇ ಬೇಕು ಅಂತಾರೆ ಜನ, ಡಬ್ಬದ ಬಣ್ಣ ಬದಲಾದ್ರೂ ಮುಖ ನೋಡ್ತಾರೆ.

ಕೌಂಟರ್_ಹಿಂದಿನವ
ಉತ್ತರ ಬಂತು, ಬೆಲೆ ಬರ್ಲಿಲ್ಲ. ಇರ್ಲಿ ಬಿಡಿ. ನಿಮ್ಮ ಲೆಕ್ಕ ಸುಳ್ಳು ಅಂತ ನಾನು ಹೇಳೋದಿಲ್ಲ ಅಣ್ಣ. ಎರಡು ಹೆಜ್ಜೆಗೊಂದು ಮೆಡಿಕಲ್ ಆದ್ರೆ 8 ಸಾವಿರದ ವ್ಯಾಪಾರವೇ ಆಗೋದು. ಅಷ್ಟು ಅಂಗಡಿ ಹೇಗೆ ಆಯ್ತು ಅಂತ ಯೋಚಿಸಿ. ಪ್ರತಿ ಅಂಗಡಿಗೂ ನಿಜವಾದ ಫಾರ್ಮಸಿಸ್ಟ್ ಕೂರಲೇಬೇಕು ಅಂತಿದ್ದಿದ್ರೆ ಅರ್ಧ ಅಂಗಡಿ ತೆರೀತಾನೇ ಇರ್ಲಿಲ್ಲ, ಉಳಿದ ಅರ್ಧಕ್ಕೆ 16 ಸಾವಿರದ ವ್ಯಾಪಾರ ಇರ್ತಿತ್ತು, ನೀವು 20 ಸಾವಿರ ಸಂಬಳ ನಗ್ತಾ ಕೊಡ್ತಿದ್ರಿ.

ಪಿಎಚ್‌ಸಿ_ಅಕ್ಕ
ನಾನು ಸರ್ಕಾರಿ ಕೆಲಸದಲ್ಲಿರುವ ಫಾರ್ಮಸಿ ಅಧಿಕಾರಿ. ಜಿಲ್ಲೆಯಲ್ಲೇ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೇನೆ, ಊರು ಬೇಡ.

ತಂಗಿಯ ಅಪ್ಪ ಹೇಳೋದು ಪೂರ್ತಿ ತಪ್ಪಲ್ಲ. ಸರ್ಕಾರಿ ಸಂಬಳಕ್ಕೂ ಅಂಗಡಿ ಸಂಬಳಕ್ಕೂ ಅಜಗಜಾಂತರ. ಹಿಂದೆ ಆರೋಗ್ಯ ಇಲಾಖೆ 400 ಫಾರ್ಮಸಿ ಅಧಿಕಾರಿ ಹುದ್ದೆ ಕರೆದಾಗ ವೇತನ ಶ್ರೇಣಿ 27,650–52,650 ಇತ್ತು. 7ನೇ ವೇತನ ಆಯೋಗದ ಲಾಭ 2024ರ ಆಗಸ್ಟ್‌ನಿಂದ ಸಿಕ್ಕಿದ ಮೇಲೆ ಆ ಶ್ರೇಣಿಯ ಆರಂಭದ ಮೂಲ ವೇತನವೇ 44,425. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ.

ಕಷ್ಟ ಏನಂದ್ರೆ ಅದು ಯಾವಾಗ ಕರೀತಾರೆ ಅನ್ನೋದು ದೇವರಿಗೇ ಗೊತ್ತು. ಕರೆದಾಗ ಡಿ.ಫಾರ್ಮ್ ಅಂಕ ನೋಡ್ತಾರೆ, ಹಾಗಾಗಿ ನಿನ್ನ ಪರ್ಸೆಂಟೇಜ್ ಎಷ್ಟು ಅನ್ನೋದು ಮುಖ್ಯ. 65 ಇಟ್ಕೊಂಡು ಕಾಯ್ತಾ ಕೂತರೆ ಕೂತಲ್ಲೇ ವಯಸ್ಸಾಗುತ್ತೆ. ಮಧ್ಯೆ ಗುತ್ತಿಗೆ ಹುದ್ದೆಗಳು ಬರ್ತವೆ, ಸಂಬಳ ಕಮ್ಮಿ, ಆದ್ರೂ ಅನುಭವ ಅಂತ ಒಂದು ಕಾಗದ ಸಿಗುತ್ತೆ.

ಇಲ್ಲಿ ಆರಾಮ ಅಂತ ಮಾತ್ರ ತಿಳ್ಕೋಬೇಡ. ಇಂಡೆಂಟ್ (ಬೇಕಾದ ಔಷಧಿಯ ಪಟ್ಟಿ) ಹಾಕೋದು, ಸಾಫ್ಟ್‌ವೇರ್‌ನಲ್ಲಿ ಸ್ಟಾಕ್ ಏರಿಸೋದು, ಎಕ್ಸ್‌ಪೈರಿ ಹತ್ತಿರ ಇರೋದನ್ನ ಬೇರೆ ಕೇಂದ್ರಕ್ಕೆ ಸಾಗಿಸೋದು, ಹಾವು ಕಚ್ಚಿದ್ದಕ್ಕೆ ಕೊಡೋ ಇಂಜೆಕ್ಷನ್ ಎಷ್ಟು ವಯಲ್ ಉಳಿದಿದೆ ಅಂತ ಮಳೆಗಾಲ ಪೂರ್ತಿ ಕಣ್ಣಿಡೋದು, ಎಲ್ಲ ಒಬ್ಬಳೇ. ಪಕ್ಕದ ಕೇಂದ್ರದವರು ರಜೆ ಹಾಕಿದ್ರೆ ಅಲ್ಲಿಗೂ ಡೆಪ್ಯುಟೇಷನ್.

ಸುಂಟಿಕೊಪ್ಪ_ಡಿಫಾರ್ಮ್
ಅಕ್ಕ, ನನ್ನದು 78%. ಸಾಕಾಗುತ್ತಾ?

ಪಿಎಚ್‌ಸಿ_ಅಕ್ಕ
ಮೀಸಲಾತಿ, ಎಷ್ಟು ಹುದ್ದೆ, ಆ ವರ್ಷ ಎಂಥವರು ಅರ್ಜಿ ಹಾಕಿದ್ದಾರೆ ಇದೆಲ್ಲ ಸೇರುತ್ತೆ. ಅರ್ಜಿ ಹಾಕದೇ ಬಿಡಬೇಡ. ರೈಲ್ವೆಗೂ ಹಾಕು. 2024ರಲ್ಲಿ ಪ್ಯಾರಾಮೆಡಿಕಲ್ ಅಂತ 1,376 ಹುದ್ದೆ ಕರೆದಿದ್ರು, ಅದರಲ್ಲಿ ಫಾರ್ಮಸಿಸ್ಟ್ 246. ಲೆವೆಲ್ 5, ಶುರು ಮೂಲ ವೇತನ 29,200. ಅಲ್ಲಿ ಪರೀಕ್ಷೆ ಬರೀಬೇಕು, ಅಂಕಕ್ಕಿಂತ ಓದು ನಡೆಯುತ್ತೆ.

ಶನಿವಾರಸಂತೆ_ಸೀನ
ರೈಲೇ ಇಲ್ಲದ ಜಿಲ್ಲೆಯವರಿಗೆ ರೈಲ್ವೆ ಕೆಲಸ. ಸರಿಹೋಯ್ತು.

ಸುಬೇದಾರ್_ಮಾವ
ಎಲ್ಲರೂ ಒಂದು ಮರೆತಿದ್ದೀರಿ, ಅದೂ ಕೊಡಗಿನಲ್ಲಿ ಕೂತು! ಸೇನೆಯಲ್ಲಿ ಆರ್ಮಿ ಮೆಡಿಕಲ್ ಕೋರ್‌ಗೆ ಸಿಪಾಯಿ ಫಾರ್ಮಾ ಅಂತ ಭರ್ತಿ ಇದೆ. ಡಿ.ಫಾರ್ಮ್‌ನಲ್ಲಿ 55%, ಬಿ.ಫಾರ್ಮ್ ಡಿಗ್ರಿ ಆದ್ರೆ 50%, ವಯಸ್ಸು 19ರಿಂದ 25. ಹುಡುಗರಿಗೆ ಮಾತ್ರ, ಹಾಗಾಗಿ ಈ ಮಗಳಿಗೆ ಆಗೋದಿಲ್ಲ. ಓದ್ತಾ ಇರೋ ಬೇರೆ ಹುಡುಗರು ನೋಡ್ಕೊಳ್ಳಿ.

ಮಗಳೇ, ನಿನಗೆ ಇನ್ನೊಂದು ದಾರಿ ಇದೆ. ನಮ್ಮ ಮಾಜಿ ಸೈನಿಕರ ಇಸಿಎಚ್‌ಎಸ್ ಪಾಲಿಕ್ಲಿನಿಕ್. ಮಡಿಕೇರಿಯಲ್ಲಿ ನಾನು ಪ್ರತಿ ತಿಂಗಳು ಬಿಪಿ ಮಾತ್ರೆಗೆ ಹೋಗೋ ಜಾಗ. ಅಲ್ಲಿ ಫಾರ್ಮಸಿಸ್ಟ್ ಗುತ್ತಿಗೆ ಮೇಲೆ ತಗೋತಾರೆ, ತಿಂಗಳಿಗೆ 28,100. ಡಿ.ಫಾರ್ಮ್ ಸಾಕು, ಆದ್ರೆ ಮೂರು ವರ್ಷ ಅನುಭವ ಕೇಳ್ತಾರೆ. ಮಾಜಿ ಸೈನಿಕರಿಗೆ ಮೊದಲ ಆದ್ಯತೆ ಅನ್ನೋದೂ ನಿಜ.

ಸುಂಟಿಕೊಪ್ಪ_ಡಿಫಾರ್ಮ್
28 ಸಾವಿರ ಮಡಿಕೇರಿಯಲ್ಲೇನಾ ಮಾವ? ನನಗೆ ಈ ವಿಷಯ ಕಾಲೇಜಲ್ಲಿ ಒಬ್ಬರೂ ಹೇಳಿರ್ಲಿಲ್ಲ.

ಕೌಂಟರ್_ಹಿಂದಿನವ
"ಮೂರು ವರ್ಷ ಅನುಭವ" ಅನ್ನೋ ಸಾಲು ಮತ್ತೆ ಓದು. ಬಾಡಿಗೆ ಸರ್ಟಿಫಿಕೇಟ್‌ಗೆ ಅನುಭವದ ಪತ್ರ ಬೇಕಾದ್ರೂ ಬರ್ಕೊಡ್ತಾರೆ. ಇಂಟರ್ವ್ಯೂನಲ್ಲಿ ಎದುರಿಗೆ ಡಾಕ್ಟರು ಕೂತು, ಇನ್ಸುಲಿನ್ ಯಾವ ಟೆಂಪರೇಚರ್‌ನಲ್ಲಿ ಇಡ್ತಿದ್ದೆ, ಕರೆಂಟ್ ಹೋದಾಗ ಏನು ಮಾಡ್ತಿದ್ದೆ ಅಂತ ಕೇಳಿದ್ರೆ ಪತ್ರ ಉತ್ತರ ಕೊಡುತ್ತಾ?

ನಾಪೋಕ್ಲು_ಮಳೆ
ಆ ಪ್ರಶ್ನೆಗೆ ನಮ್ಮ ಕಡೆಯ ಎಷ್ಟು ಅಂಗಡಿಯವರು ಉತ್ತರ ಕೊಡ್ತಾರೋ ನೋಡ್ಬೇಕು. ಜುಲೈ ತಿಂಗಳಲ್ಲಿ ಇಲ್ಲಿ ಕರೆಂಟ್ ಹೋದ್ರೆ ಎರಡು ದಿನ ಬರೋದಿಲ್ಲ, ಮರ ಬಿದ್ದು ಲೈನ್ ಹೋಗಿರುತ್ತೆ. 2 ಡಿಗ್ರಿಯಿಂದ 8 ಡಿಗ್ರಿ ಒಳಗೆ ಇರಬೇಕಾದ ಇನ್ಸುಲಿನ್ ಸತ್ತ ಫ್ರಿಜ್‌ನಲ್ಲಿ ಕೂತಿರುತ್ತೆ. ನೋಡೋಕೆ ಏನೂ ವ್ಯತ್ಯಾಸ ಇಲ್ಲ, ಅದೇ ನೀರಿನಂಥ ಬಣ್ಣ. ಒಂದು ಕಡೆ ಮಾತ್ರ ಹುಡುಗಿಯೊಬ್ಬಳು ಫ್ರಿಜ್ ಬಾಗಿಲಿಗೆ ಥರ್ಮಾಮೀಟರ್ ನೇತುಹಾಕಿ, ಪುಸ್ತಕದಲ್ಲಿ ಬೆಳಗ್ಗೆ ಸಂಜೆ ಬರೀತಿದ್ಲು. ಕರೆಂಟ್ ಹೋದ ಕೂಡಲೇ ಐಸ್ ಪ್ಯಾಕ್ ಜೊತೆ ಥರ್ಮೋಕೋಲ್ ಡಬ್ಬಕ್ಕೆ ಹಾಕಿ, ಐಸ್‌ಗೆ ನೇರ ತಾಗದ ಹಾಗೆ ಮಧ್ಯೆ ಬಟ್ಟೆ ಇಡೋಳು, ಹೆಪ್ಪುಗಟ್ಟಿದ್ರೂ ಇನ್ಸುಲಿನ್ ಹಾಳು ಅಂತ. ನಮ್ಮ ಅತ್ತೆಗೆ ಅಲ್ಲಿಂದಲೇ ತರ್ತಿದ್ವಿ. ಮದುವೆ ಆಗಿ ಹೋದ್ಲು, ಥರ್ಮಾಮೀಟರೂ ಹೋಯ್ತು.

ಮೈಸೂರು_ಬಿಫಾರ್ಮ್
ಇಂಥ ಕೆಲಸಕ್ಕೆ ಯಾರೂ ಒಂದು ರೂಪಾಯಿ ಜಾಸ್ತಿ ಕೊಡೋದಿಲ್ಲ, ಅದೇ ಬೇಜಾರು. ಗಿರಾಕಿಗೂ ಬೇಕಾಗಿರೋದು 10% ಡಿಸ್ಕೌಂಟ್, ಥರ್ಮಾಮೀಟರ್ ಅಲ್ಲ.

ದೇರಾ_ದುಬೈ
ಊರು ಸಿದ್ದಾಪುರ, ಈಗ ದುಬೈ. ಇಲ್ಲಿ ಡಿ.ಫಾರ್ಮ್‌ನವರಿಗೆ ಸಿಗೋದು ಫಾರ್ಮಸಿ ಟೆಕ್ನೀಷಿಯನ್ ಕೆಲಸ. ಬಿ.ಫಾರ್ಮ್ ಇದ್ದವರು ಫಾರ್ಮಸಿಸ್ಟ್, ನಾವು ಅವರ ಕೈಕೆಳಗೆ. ಊರಲ್ಲಿ ಇಬ್ಬರೂ ಒಂದೇ ರಿಜಿಸ್ಟರಲ್ಲಿ ಇರ್ತೀವಿ, ವಿಮಾನ ಇಳಿದ ಕೂಡಲೇ ಮೆಟ್ಟಿಲು ಬೇರೆ ಆಗುತ್ತೆ. ನನ್ನ ಸುತ್ತ ಇರೋ ಟೆಕ್ನೀಷಿಯನ್‌ಗಳಿಗೆ 3,000ದಿಂದ 4,000 ದಿರಾಮ್. ಕೇಳೋಕೆ ಚೆನ್ನಾಗಿದೆ, ಬೆಡ್ ಸ್ಪೇಸ್ ಬಾಡಿಗೆ, ಊಟ, ಬಸ್ಸು ಕಳೆದು ಮನೆಗೆ ಕಳಿಸೋದು ಎಷ್ಟು ಅಂತ ನೋಡ್ಬೇಕು.

ಬರೋದಾದ್ರೆ ಪರೀಕ್ಷೆ ಪಾಸ್ ಆಗ್ಬೇಕು, ಡೇಟಾಫ್ಲೋ ವೆರಿಫಿಕೇಷನ್ ಆಗ್ಬೇಕು. ಡೇಟಾಫ್ಲೋದವರು ಕಾಲೇಜು, ಕೌನ್ಸಿಲ್, ಕೆಲಸ ಮಾಡಿದ ಜಾಗ ಎಲ್ಲಕ್ಕೂ ನೇರ ಬರೆದು ಕೇಳ್ತಾರೆ. ಸುಳ್ಳು ಅನುಭವ ತೋರಿಸಿ ಸಿಕ್ಕಿಬಿದ್ರೆ ಆ ರಿಪೋರ್ಟ್ ಬೆನ್ನು ಬಿಡೋದಿಲ್ಲ. "ಪರೀಕ್ಷೆ ಇಲ್ಲದೆ ಕಳಿಸ್ತೀವಿ, ಒಂದೂವರೆ ಲಕ್ಷ ಕೊಡಿ" ಅನ್ನೋ ಏಜೆಂಟ್‌ಗಳಿಗೆ ದುಡ್ಡು ಕೊಡಬೇಡಿ.

ನ್ಯೂಜೆರ್ಸಿ_ಅಕ್ಕ
ಟೆಕ್ನೀಷಿಯನ್ ಮಾತು ಬಂತಲ್ಲ, ಅಮೆರಿಕದ್ದೂ ಹೇಳ್ತೀನಿ. ಇಲ್ಲಿ ಫಾರ್ಮಸಿ ಟೆಕ್ನೀಷಿಯನ್ ಅಂದ್ರೆ ಫಾರ್ಮಸಿಸ್ಟ್ ಕೈಕೆಳಗೆ ಮಾತ್ರೆ ಎಣಿಸಿ, ಲೇಬಲ್ ಹಚ್ಚಿ, ಇನ್ಶೂರೆನ್ಸ್ ಜೊತೆ ಫೋನಲ್ಲಿ ಜಗಳ ಆಡೋರು. ಕಾರ್ಮಿಕ ಇಲಾಖೆ ಅಂಕಿ ಪ್ರಕಾರ 2023ರ ಮೇ ತಿಂಗಳಲ್ಲಿ ಮಧ್ಯಮ ವೇತನ (ಅರ್ಧ ಜನಕ್ಕೆ ಇದಕ್ಕಿಂತ ಕಮ್ಮಿ, ಅರ್ಧ ಜನಕ್ಕೆ ಜಾಸ್ತಿ) ವರ್ಷಕ್ಕೆ 40,300 ಡಾಲರ್. ರೂಪಾಯಿಗೆ ತಿರುಗಿಸಿ ಬಾಯಿ ಬಿಡಬೇಡಿ, ಇಲ್ಲಿನ ಬಾಡಿಗೆಗೆ ಅದು ಸಣ್ಣ ಸಂಬಳವೇ. ಆ ಕೆಲಸಕ್ಕೆ ಅಂತ ಊರಿಂದ ವೀಸಾ ಸಿಗೋದೂ ಇಲ್ಲ. ಗಂಡನ ಜೊತೆ ಬಂದು ವರ್ಕ್ ಪರ್ಮಿಟ್ ಸಿಕ್ಕಿದ ಮೇಲೆ ಮಾಡೋರು ಇದ್ದಾರೆ, ಊರಲ್ಲಿ ಬಿ.ಫಾರ್ಮ್ ಮಾಡಿದೋರೂ ಕೂಡ. 2003ರಿಂದ ಈಚೆಗೆ ಓದಿದವರಿಗೆ ಇಲ್ಲಿ ಫಾರ್ಮಸಿಸ್ಟ್ ಪರೀಕ್ಷೆಗೆ ಕೂರೋಕೆ ಐದು ವರ್ಷದ ಡಿಗ್ರಿ ಬೇಕು. ನಮ್ಮ ಬಿ.ಫಾರ್ಮ್ ನಾಲ್ಕೇ ವರ್ಷ.

ಕಾಫಿ_ಕಣ
ಮಗು ಕೇಳಿದ್ದು ಕುಶಾಲನಗರ, ನೀವೆಲ್ಲ ದುಬೈ, ನ್ಯೂಜೆರ್ಸಿ ಸುತ್ತಿಸ್ತಾ ಇದ್ದೀರ.

ಮೆಡಿಕಲ್ಸ್_ಅರ್ಜೆಂಟ್
[ಈ ಸಂದೇಶ ತೆಗೆದುಹಾಕಲಾಗಿದೆ]

ನಿರ್ವಾಹಕ
ಇದೇ ಚರ್ಚೆಯೊಳಗೆ ಬಂದು "ಸರ್ಟಿಫಿಕೇಟ್ ಬೇಕಾಗಿದೆ, 6 ಸಾವಿರ ಕೊಡ್ತೀವಿ" ಅಂತ ಫೋನ್ ನಂಬರ್ ಹಾಕಿದವರ ಖಾತೆ ಮುಚ್ಚಿದ್ದೇನೆ.

ಶನಿವಾರಸಂತೆ_ಸೀನ
ಅಯ್ಯೋ, ರೇಟ್ 5ರಿಂದ 6ಕ್ಕೆ ಏರಿತ್ತಲ್ಲ!

ಕೌಂಟರ್_ಹಿಂದಿನವ
ನಗು ಬಂತು, ಆದ್ರೂ ಹೇಳ್ಬೇಕು. ಕೌಂಟರ್ ಕೆಲಸ ಅಂದ್ರೆ ಎತ್ತಿ ಕೊಡೋದು ಅಂತ ತಿಳಿದವರಿಗೆ ಒಂದು ಉದಾಹರಣೆ. ನಮ್ಮಲ್ಲಿಗೆ ಬರೋ ವಯಸ್ಸಾದವರು ಚೀಟಿ ತರೋದಿಲ್ಲ, ಖಾಲಿ ಸ್ಟ್ರಿಪ್ ತರ್ತಾರೆ. ಒಬ್ಬರು ಅಜ್ಜಿ, ಕರವಸ್ತ್ರದ ಗಂಟು ಬಿಚ್ಚಿ ನಾಲ್ಕು ಸ್ಟ್ರಿಪ್ ಟೇಬಲ್ ಮೇಲೆ ಹರಡಿದ್ರು. ಒಂದರಲ್ಲಿ ಟೆಲ್ಮಾ 40, ಇನ್ನೊಂದರಲ್ಲಿ ಟೆಲ್ಸಾರ್ಟನ್ 40. ಎರಡೂ ಒಂದೇ ಟೆಲ್ಮಿಸಾರ್ಟನ್. ಒಂದು ಮಡಿಕೇರಿ ಡಾಕ್ಟರು ಬರೆದದ್ದು, ಇನ್ನೊಂದು ಮಗನ ಮನೆಗೆ ಮೈಸೂರಿಗೆ ಹೋದಾಗ ಅಲ್ಲಿನವರು ಬರೆದದ್ದು. ದಿನಾ ಎರಡೂ ನುಂಗಿ, ಬೆಳಗ್ಗೆ ಎದ್ದಾಗ ತಲೆ ಸುತ್ತು ಅಂತ ಅದಕ್ಕೊಂದು ಮಾತ್ರೆ ಕೇಳೋಕೆ ಬಂದಿದ್ರು. ಬಿಪಿ ನೋಡಿದ್ರೆ ಮೇಲಿನದ್ದು ನೂರೂ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ಒಂದನ್ನ ನಿಲ್ಲಿಸಿದ್ವಿ, ಹೊಸ ಮಾತ್ರೆ ಮಾರೋ ಬದಲು. ಬಾಡಿಗೆ ಸರ್ಟಿಫಿಕೇಟ್ ಇರೋ ಅಂಗಡಿಯಾಗಿದ್ರೆ ಹುಡುಗ ಐದನೇ ಸ್ಟ್ರಿಪ್ ಕೊಟ್ಟು ಕಳಿಸ್ತಿದ್ದ.

ಅಂಗಡಿ_ಯಜಮಾನ
ನಿಮ್ಮಂಥವರು ಸಿಕ್ಕಿದ್ರೆ ನಾನೂ ಇಟ್ಕೋತೀನಿ. ಈಗ ಬರೋ ಡಿ.ಫಾರ್ಮ್ ಮಕ್ಕಳಿಗೆ ಚೀಟಿ ಓದೋಕೆ ಬರೋದಿಲ್ಲ. ಕಾಲೇಜಿಗೆ ಹೋಗದೇ ಅಟೆಂಡೆನ್ಸ್ ಹಾಕಿಸ್ಕೊಂಡು ಪಾಸಾದವರೂ ಇದ್ದಾರೆ. ಒಬ್ಬ ಬಂದಿದ್ದ, ಅಜಿತ್ರೋಮೈಸಿನ್ ಆ್ಯಂಟಿಬಯೋಟಿಕ್ ಅನ್ನ, ಕೆಲವು ಔಷಧಿಗಳ ಮಾರಾಟ ಪ್ರತ್ಯೇಕ ಬರೆದಿಡೋ ಎಚ್1 ರಿಜಿಸ್ಟರ್‌ಗೆ ಬರೀಬೇಕು ಅನ್ನೋದೇ ಗೊತ್ತಿರ್ಲಿಲ್ಲ.

ಮೈಸೂರು_ಬಿಫಾರ್ಮ್
ಅಜಿತ್ರೋಮೈಸಿನ್ ಇರೋದು ಶೆಡ್ಯೂಲ್ ಎಚ್ ಪಟ್ಟಿಯಲ್ಲಿ (ಡಾಕ್ಟರ ಚೀಟಿ ಇದ್ದರೆ ಮಾತ್ರ ಮಾರೋ ಔಷಧಿಗಳು), ಎಚ್1ನಲ್ಲಿ ಅಲ್ಲ ಯಜಮಾನ್ರೇ. ನಿಮ್ಮ ಹುಡುಗ ಸರಿಯಾಗೇ ಇದ್ದ. ಎಚ್1ನಲ್ಲಿರೋದು ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್, ಟಿಬಿ ಮಾತ್ರೆಗಳು, ಅಲ್ಪ್ರಜೋಲಾಮ್, ಟ್ರಮಡಾಲ್, ಇಂಥವು. 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ರೋಗಿ ಹೆಸರು, ಡಾಕ್ಟರ ಹೆಸರು ವಿಳಾಸ, ಔಷಧಿ, ಎಷ್ಟು ಕೊಟ್ಟಿದ್ದು ಬರೆದು ಮೂರು ವರ್ಷ ಇಡಬೇಕು.

ಶನಿವಾರಸಂತೆ_ಸೀನ
12 ಸಾವಿರ ಉಳಿಸಿದ್ದಕ್ಕೆ ಫಲ 😄

ಅಂಗಡಿ_ಯಜಮಾನ
ಆಯ್ತಪ್ಪ, ನೋಡ್ತೀನಿ. ನಗೋದು ಬಿಟ್ಟು ನನ್ನ ಏಳೂವರೆಗೆ ಒಂದು ದಾರಿ ಹೇಳಿ.

ಪಿಎಚ್‌ಸಿ_ಅಕ್ಕ
ದಾರಿ ಅಂದ್ರೆ ಫಾರ್ಮಸಿಸ್ಟೇ ಮಾಲೀಕರಾಗೋದು. ತಂಗಿ, ಸ್ವಲ್ಪ ವರ್ಷ ಕೆಲಸ ಕಲಿತ ಮೇಲೆ ನೀನೇ ಅಂಗಡಿ ಇಟ್ಟರೆ ಆ ಲೆಕ್ಕದ ಏಳೂವರೆ ಜೊತೆ 12ಸಾವಿರವೂ ನಿನ್ನದೇ. ಲೈಸೆನ್ಸ್‌ಗೆ ಕನಿಷ್ಠ 10 ಚದರ ಮೀಟರ್ ಜಾಗ, ಫ್ರಿಜ್, ನಿನ್ನ ರಿಜಿಸ್ಟ್ರೇಷನ್ ಇದ್ದರೆ ಅರ್ಜಿ ಹಾಕಬಹುದು. ಜನೌಷಧಿ ಕೇಂದ್ರಕ್ಕೂ ಯೋಚಿಸು. ಅಲ್ಲಿ ಎಂಆರ್‌ಪಿ ಮೇಲೆ 20% ಮಾರ್ಜಿನ್, ಜೊತೆಗೆ ಖರೀದಿ ನೋಡಿ ತಿಂಗಳಿಗೆ 20 ಸಾವಿರ ಮಿತಿಯೊಳಗೆ ಪ್ರೋತ್ಸಾಹಧನ ಇದೆ.

ನಾಪೋಕ್ಲು_ಮಳೆ
ಜನೌಷಧಿಯಲ್ಲಿ ಕೇಳಿದ ಮಾತ್ರೆ ಮುಕ್ಕಾಲು ಸಲ ಸ್ಟಾಕ್ ಇರೋದಿಲ್ಲ. ಮಾತ್ರೆ ಬೆಲೆಯೇ 12 ರೂಪಾಯಿ ಇರುವಾಗ 20% ಅಂದ್ರೆ ಎಷ್ಟು ಬಂತು?

ಪಿಎಚ್‌ಸಿ_ಅಕ್ಕ
ಅದಕ್ಕೇ ಜಾಗ ಮುಖ್ಯ. ಆಸ್ಪತ್ರೆ ಎದುರು ಇದ್ದರೆ ಓಡುತ್ತೆ. 2025ರಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಒಳಗಿನ ಕೇಂದ್ರಗಳನ್ನ ಮುಚ್ಚಿ ಅಂತ ರಾಜ್ಯ ಸರ್ಕಾರ ಹೇಳಿ ವಿಷಯ ಹೈಕೋರ್ಟ್‌ಗೆ ಹೋಗಿತ್ತು, ಅದನ್ನೂ ತಲೆಯಲ್ಲಿ ಇಟ್ಕೊಂಡು ಜಾಗ ಹುಡುಕಬೇಕು.

ಟೂರಿಸ್ಟ್_ಬೆಂಗಳೂರು
ಸಂಬಂಧ ಇಲ್ಲದ ಪ್ರಶ್ನೆ, ಮುಂದಿನ ವಾರ ಮಡಿಕೇರಿಗೆ ಬರ್ತಿದ್ದೀವಿ. ಘಾಟಿಯಲ್ಲಿ ವಾಂತಿ ಆಗದಿರೋಕೆ ಅವೊಮಿನ್ ಅಲ್ಲಿ ಸಿಗುತ್ತಾ, ಇಲ್ಲಿಂದಲೇ ತರಬೇಕಾ?

ಕೌಂಟರ್_ಹಿಂದಿನವ
ಶನಿವಾರ ಭಾನುವಾರ ನಾವು ಮಾರೋದೇ ಅದನ್ನ. ಆದ್ರೆ ಮಡಿಕೇರಿಗೆ ಬಂದ ಮೇಲೆ ತಗೊಂಡು ಏನು ಮಾಡ್ತೀರಿ? ಹತ್ತೋಕೆ ಮುಂಚೆ ನುಂಗಬೇಕು. ನಿದ್ದೆ ಬರುತ್ತೆ, ಡ್ರೈವ್ ಮಾಡೋರು ತಗೋಬೇಡಿ. ಚಿಕ್ಕ ಮಕ್ಕಳಿಗೆ ಕೇಳದೆ ಕೊಡಬೇಡಿ.

ಸುಬೇದಾರ್_ಮಾವ
ನೋಡಿದ್ರಾ, ಈ ಉತ್ತರಕ್ಕೆ ಆಪ್‌ನಲ್ಲಿ ಡಿಸ್ಕೌಂಟ್ ಸಿಗೋದಿಲ್ಲ.

ಪೊನ್ನಂಪೇಟೆ_ಪಿಯುಸಿ
ನಾನು ಈ ವರ್ಷ ಡಿ.ಫಾರ್ಮ್ ಸೇರ್ಬೇಕು ಅಂತಿದ್ದೆ. ಮುಗಿದ ಮೇಲೆ ಎಕ್ಸಿಟ್ ಎಗ್ಸಾಮ್ ಇದೆ ಅಂತಾರಲ್ಲ, ಹೌದಾ?

ಮೈಸೂರು_ಬಿಫಾರ್ಮ್
2022ರಲ್ಲಿ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ನಿಯಮ ಮಾಡಿತು. ಮೂರು ಪೇಪರ್, ಒಂದೇ ಸಲಕ್ಕೆ ಪ್ರತಿಯೊಂದರಲ್ಲೂ 50% ಬರಬೇಕು, ಆಮೇಲೆ ರಿಜಿಸ್ಟ್ರೇಷನ್. ನಿನ್ನ ಬ್ಯಾಚ್‌ಗೆ ಹೇಗೆ ಅನ್ನೋದನ್ನ ರಾಜ್ಯ ಕೌನ್ಸಿಲ್‌ನಲ್ಲೇ ಕೇಳಿ ಸೇರು. ಸೇರೋ ಮುಂಚೆ ಆ ಕಾಲೇಜಿಗೆ ಆ ವರ್ಷದ ಅನುಮೋದನೆ ಇದೆಯಾ ಅಂತ ಪಟ್ಟಿ ನೋಡು. ಪಿಸಿಎಂ ಆದ್ರೂ ಪರವಾಗಿಲ್ಲ, ಪಿಸಿಬಿ ಆಗಲೇಬೇಕು ಅಂತಿಲ್ಲ. ಸಿಇಟಿ ರ್‍ಯಾಂಕ್ ಚೆನ್ನಾಗಿದ್ದರೆ ನೇರ ಬಿ.ಫಾರ್ಮ್‌ಗೇ ಹೋಗು ಅನ್ನೋದು ನನ್ನ ಅಭಿಪ್ರಾಯ.

ಪಿಎಚ್‌ಸಿ_ಅಕ್ಕ
ಇದನ್ನ ನಾನು ಒಪ್ಪೋದಿಲ್ಲ. ನಾಲ್ಕು ವರ್ಷದ ಫೀಸು, ಹಾಸ್ಟೆಲ್ ಕಟ್ಟೋಕೆ ಎಲ್ಲರಿಗೂ ಆಗುತ್ತಾ? ಆರೋಗ್ಯ ಇಲಾಖೆಯ ಆ 400 ಹುದ್ದೆಗೆ ಕೇಳಿದ್ದೂ ಡಿ.ಫಾರ್ಮೇ. ಬಿ.ಫಾರ್ಮ್ ಮಾಡಿ ಮೆಡಿಕಲ್ ರೆಪ್ ಆಗಿ ಮೈಸೂರಿಂದ ಬೈಕಲ್ಲಿ ಮಳೇಲಿ ನೆನ್ಕೊಂಡು ಬರೋ ಹುಡುಗರನ್ನ ವಾರವಾರ ನೋಡ್ತೀನಿ.

ಮೈಸೂರು_ಬಿಫಾರ್ಮ್
ಆ ಹುಡುಗರಿಗೆ ಟಾರ್ಗೆಟ್ ಮುಟ್ಟಿದ್ರೆ ನಿಮ್ಮ ಊರಿನ ಫಾರ್ಮಸಿಸ್ಟ್‌ಗಿಂತ ಎರಡರಷ್ಟು ಸಿಗುತ್ತೆ ಅಕ್ಕ. ಕ್ವಾಲಿಟಿ ಕಂಟ್ರೋಲ್, ಡ್ರಗ್ಸ್ ಇನ್ಸ್‌ಪೆಕ್ಟರ್ ಎಲ್ಲಕ್ಕೂ ಡಿಗ್ರಿಯೇ ಬೇಕು.

ಸುಂಟಿಕೊಪ್ಪ_ಡಿಫಾರ್ಮ್
ಎಲ್ಲರಿಗೂ ಥ್ಯಾಂಕ್ಸ್. ಮಾವ ಹೇಳಿದ 28,100 ಅಪ್ಪನಿಗೆ ತೋರಿಸಿದ ಮೇಲೆ ಅವರ ದನಿ ಬದಲಾಗಿದೆ. ಮಡಿಕೇರಿಯ ಒಂದು ಖಾಸಗಿ ಆಸ್ಪತ್ರೆಯ ಫಾರ್ಮಸಿಗೆ ಹೋಗಿ ಕೇಳಿ ಬಂದೆ. 13,500, ಪಿಎಫ್ ಇದೆ, ವಾರಕ್ಕೆ ಎರಡು ನೈಟ್ ಶಿಫ್ಟ್. ಐಸಿಯು ಔಷಧಿ, ಆಪರೇಷನ್ ಥಿಯೇಟರ್ ಸ್ಟಾಕ್ ಎಲ್ಲ ಕಲಿಬಹುದು ಅಂದ್ರು. ನೈಟ್ ಶಿಫ್ಟ್‌ಗೆ ಅಮ್ಮ ಇನ್ನೂ ಒಪ್ಪಿಲ್ಲ, ಬೆಳಗ್ಗಿನ ಬಸ್ ಇಳಿದು ತೋಟದ ದಾರೀಲಿ ನಡೀಬೇಕು, ಆನೆ ಕಾಟ ಇದೆ. ನೈಟ್ ಇರೋ ದಿನ ಮಡಿಕೇರಿಯಲ್ಲೇ ಚಿಕ್ಕಮ್ಮನ ಮನೇಲಿ ಉಳಿಯೋ ಮಾತು ನಡೀತಿದೆ.

ಶನಿವಾರಸಂತೆ_ಸೀನ
ಬರೀ ಒಂದೂವರೆ ಸಾವಿರ ಜಾಸ್ತಿ, ಜೊತೆಗೆ ನೈಟು. ಲಾಭ ಏನು ಬಂತು?

ಕೌಂಟರ್_ಹಿಂದಿನವ
ಲಾಭ ಆ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿದೆ ಸೀನಣ್ಣ. ತಂಗಿ, ಸೇರೋ ದಿನವೇ ಅಪಾಯಿಂಟ್‌ಮೆಂಟ್ ಲೆಟರ್ ಕೈಗೆ ತಗೊ. ಹುದ್ದೆ "ಫಾರ್ಮಸಿಸ್ಟ್" ಅಂತಲೇ ಇರ್ಲಿ, "ಅಸಿಸ್ಟೆಂಟ್", "ಸೇಲ್ಸ್" ಅಂತ ಹಾಕಿಸ್ಕೋಬೇಡ. ಸಂಬಳ ಬ್ಯಾಂಕಿಗೇ ಬರ್ಲಿ. ಒರಿಜಿನಲ್ ಸರ್ಟಿಫಿಕೇಟ್ ಅವರ ಬೀರುವಿನಲ್ಲಿ ಇಟ್ಕೋತೀವಿ ಅಂದ್ರೆ ಕೊಡಬೇಡ, ತೋರಿಸಿ ಜೆರಾಕ್ಸ್ ಕೊಡು. ಬಿಟ್ಟು ಹೋಗೋವಾಗ ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸ್ಕೊಂಡು, ಲೈಸೆನ್ಸ್‌ನಿಂದ ನಿನ್ನ ಹೆಸರು ತೆಗೆಸಿದ್ದಾರಾ ಅಂತ ಔಷಧ ನಿಯಂತ್ರಣ ಕಚೇರಿಯಲ್ಲಿ ವಿಚಾರಿಸು. ಹೆಸರು ಹಳೇ ಜಾಗದಲ್ಲೇ ಉಳಿದು ಹೊಸ ಕಡೆ ಸೇರೋಕೆ ಒದ್ದಾಡಿದವರು ಬೇಕಾದಷ್ಟು ಜನ.

ಪೊನ್ನಂಪೇಟೆ_ಪಿಯುಸಿ
ಡಿ.ಫಾರ್ಮ್ ಮಾಡಿ ಆಮೇಲೆ ಬಿ.ಫಾರ್ಮ್ ಮಾಡಬಹುದಾ?

ಮೈಸೂರು_ಬಿಫಾರ್ಮ್
ಮಾಡಬಹುದು, ನೇರ ಎರಡನೇ ವರ್ಷಕ್ಕೆ ಸೇರಿಸ್ಕೋತಾರೆ. ಲ್ಯಾಟರಲ್ ಎಂಟ್ರಿ ಸೀಟು ಕಮ್ಮಿ, ಡಿ.ಫಾರ್ಮ್ ಅಂಕ ಚೆನ್ನಾಗಿರಲಿ.

ಅಂಗಡಿ_ಯಜಮಾನ
ಗೋಣಿಕೊಪ್ಪ ಕಡೆ ಕೆಲಸ ಬೇಕಾದ ಫಾರ್ಮಸಿಸ್ಟ್ ಇದ್ದರೆ ಹೇಳಿ. ದಿನಾ ಬರೋರು. 14 ಕೊಡ್ತೀನಿ.

ಶನಿವಾರಸಂತೆ_ಸೀನ
ಪಿಎಫ್?

ಅಂಗಡಿ_ಯಜಮಾನ
ಮೊದಲು ಬರ್ಲಿ ಮಾರಾಯ, ಆಮೇಲೆ ಮಾತಾಡೋಣ.